ಬೇಳದ ಹೊಸ ತೆನೆ

ಸೋಣ ತಿಂಗಳೆಂದರೆ ನಮ್ಮ ಕುಂಬಳೆ ಸೀಮೆಗೆ ಮಳೆಯ ಬಿಗಿ ಸಡಿಲುವ ಕಾಲ. ಆಟಿಯ ಕತ್ತಲೆ ಕಳೆದು ಬಿಸಿಲೂ ಮಳೆಯೂ ಸರದಿಯ ಮೇಲೆ ಬಂದು ಹೋಗುವ ಈ ದಿನಗಳಲ್ಲಿ ಮುರಕಲ್ಲಿನ ಪದವುಗಳೆಲ್ಲ ಹಸುರು ಹೊದೆದು, ನಡುನಡುವೆ ನೀಲಿ ಹಳದಿ ಬಣ್ಣದ ಕಿರುಹೂಗಳು ಕಾಳು ಚೆಲ್ಲಿದಂತೆ ಅರಳಿರುತ್ತವೆ. ತುಳುವ ಮನೆಗಳ ಹೆಂಗಸರು ಹೊಸ್ತಿಲಿಗೆ ಹೂವಿಟ್ಟು ಪೂಜಿಸುವುದು ಈ ತಿಂಗಳಲ್ಲಿಯೇ. ಮಲಯಾಳ ನುಡಿಯ ನೆರೆಯವರು ಓಣಂ ಹಬ್ಬಕ್ಕೆ ಅಂಗಳದಲ್ಲಿ ಹೂವಿನ ರಂಗವಲ್ಲಿ ಇಡುವುದೂ ಹೆಚ್ಚುಕಡಿಮೆ ಇದೇ ಹೊತ್ತಿನಲ್ಲಿ. ಕೊಂಕಣಿ ನುಡಿಯ ಕ್ರೈಸ್ತರ ಮಕ್ಕಳು ಬೆಳಗಾಗುತ್ತಲೇ ಬುಟ್ಟಿ ಹಿಡಿದು ಹೂ ಕೊಯ್ಯಲು ಹೊರಡುವುದೂ ಈ ದಿನಗಳಲ್ಲಿಯೇ. ಒಂದೇ ಬೇಲಿಯ ದಾಸವಾಳವೂ ಕೇಪುಳವೂ ಕರ್ಣಕುಂಡಲವೂ ಮೂರು ಮನೆಗಳ ಮೂರು ಬಗೆಯ ಭಕ್ತಿಗೆ ಒದಗುವುದನ್ನು ಕಾಣಬೇಕಾದರೆ ಗಡಿಯ ಈ ನೆಲಕ್ಕೇ ಬರಬೇಕು.

ಕ್ರೈಸ್ತ ಮಕ್ಕಳ ಈ ಹೂವಿನ ಸೇವೆ ಆಗಸ್ಟ್ 30ರಂದು ತೊಡಗಿ ಒಂಬತ್ತು ದಿನ ನಡೆಯುತ್ತದೆ. ಮರಿಯಮ್ಮನವರ ಶಿಶುರೂಪದ ಪ್ರತಿಮೆಗೆ ಮಕ್ಕಳು ಹೂವರ್ಪಿಸಿ ಹಾಡುತ್ತಾರೆ. ಸೆಪ್ಟೆಂಬರ್ 8 ಆ ತಾಯಿಯ ಜನ್ಮದಿನ. ಅಂದೇ ಹೊಸ ಭತ್ತದ ತೆನೆಯನ್ನು ಇಗರ್ಜಿಗೆ ತಂದು ಆಶೀರ್ವದಿಸಿ, ಮನೆಮನೆಗೆ ಹಂಚಿ, ಹೊಸ ಅಕ್ಕಿಯ ಊಟ ಮಾಡುವ ಸಂಪ್ರದಾಯವಿದೆ. ಕರಾವಳಿಯ ಕೊಂಕಣಿ ಕಥೋಲಿಕರು ಈ ಹಬ್ಬವನ್ನು ಮೊಂತಿ ಫೆಸ್ತ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ತೆನೆ ಹಬ್ಬವೆನ್ನುವುದೂ ಉಂಟು. ಕ್ರಿಸ್ಮಸ್ ಹಬ್ಬದ ನಕ್ಷತ್ರದೀಪಗಳೂ ಈಸ್ಟರಿನ ನಡುರಾತ್ರಿಯ ಗಂಟೆಗಳೂ ಇದಕ್ಕಿಲ್ಲ. ಆದರೂ, ಕುಟುಂಬದವರೆಲ್ಲ ಒಂದೆಡೆ ಕುಳಿತು ದಿನನಿತ್ಯದ ಅನ್ನಕ್ಕಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುವ ಹಬ್ಬ ಯಾವುದೆಂದು ಕೇಳಿದರೆ ಈ ಜನರು ಮೊದಲು ಹೇಳುವ ಹೆಸರು ಇದೇ.

ಈ ಹಬ್ಬವನ್ನು ಕಾಣುವ ಹಂಬಲದಿಂದ ನಾವು ಬೇಳಕ್ಕೆ ಹೋಗಿದ್ದೆವು. ನಮ್ಮೊಡನೆ ಕನ್ನಡ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದ ಸಹೋದ್ಯೋಗಿಯೊಬ್ಬರ ಮನೆ ಅಲ್ಲಿದೆ. ಮನೆಮಾತು ಕೊಂಕಣಿಯಾದರೂ ಹಳಗನ್ನಡದ ಪಾಠವನ್ನು ಅವರಷ್ಟು ಪ್ರೀತಿಯಿಂದ ಹೇಳಿದವರನ್ನು ನಾವು ಹೆಚ್ಚು ಕಂಡಿಲ್ಲ. ಪ್ರತಿ ವರ್ಷವೂ ಅವರು ಕರೆಯುತ್ತಿದ್ದರು. ಪ್ರತಿ ವರ್ಷವೂ ಏನಾದರೊಂದು ಅಡ್ಡಿ ಬರುತ್ತಿತ್ತು. ಈ ಸಲ ಕರೆ ಬಂದದ್ದು ಅವರ ಮಡದಿಯಿಂದ. ನಮ್ಮ ಸ್ನೇಹಿತರು ಮೇ ತಿಂಗಳಲ್ಲಿ ತೀರಿಕೊಂಡಿದ್ದರು. ಯಜಮಾನನಿಲ್ಲದ ಮನೆಯ ಮೊದಲ ಹಬ್ಬಕ್ಕೆ ಹೋಗುವುದೋ ಬಿಡುವುದೋ ಎಂದು ನಾವು ಹಿಂದೆಮುಂದೆ ನೋಡುತ್ತಿದ್ದಾಗ, ಅವರು ಕರೆದಿದ್ದರಲ್ಲ, ಆ ಕರೆ ಹಾಗೆಯೇ ಇದೆ ಎಂದಿಷ್ಟೇ ಆ ತಾಯಿ ಹೇಳಿ ಕಳುಹಿಸಿದರು.

ಕಾಸರಗೋಡಿನಿಂದ ಉತ್ತರಕ್ಕೆ ಹೆದ್ದಾರಿ ಹಿಡಿದು, ಮೊಗ್ರಾಲಿನ ಹೊಳೆ ದಾಟಿ ಕುಂಬಳೆಗೆ ಬಂದು, ಅಲ್ಲಿಂದ ಮೂಡಲಿಗೆ ತಿರುಗಿ ಬದಿಯಡ್ಕದ ದಾರಿ ಹಿಡಿಯಬೇಕು. ಯಕ್ಷಗಾನದ ಪಾರ್ತಿಸುಬ್ಬನ ಊರೆಂದು ಹೆಸರಾದ ಕುಂಬಳೆಯನ್ನು ಬಿಟ್ಟರೆ ರಸ್ತೆ ಮೆಲ್ಲನೆ ಏರತೊಡಗುತ್ತದೆ. ಎಡಬಲದಲ್ಲಿ ಮುರಕಲ್ಲು ಕಡಿದ ಕೆಂಪು ಗುಂಡಿಗಳು, ಅಡಿಕೆ ತೋಟಗಳು, ಗೇರು ಗುಡ್ಡೆಗಳು. ಸೀತಾಂಗೋಳಿ ಕಳೆದು ಮುಂದೆ ಹೋದರೆ ಬೇಳ. ಇದೇ ದಾರಿಯಲ್ಲಿ ಇನ್ನೂ ಮುಂದಕ್ಕೆ ಸಾಗಿದರೆ ಬದಿಯಡ್ಕ. ಅದರ ಬಳಿಯ ಪೆರಡಾಲದಲ್ಲಿಯೇ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬೇಸಾಯವನ್ನೂ ಬರವಣಿಗೆಯನ್ನೂ ಜೊತೆಜೊತೆಯಾಗಿ ನಡೆಸಿ, ನೂರು ವರ್ಷ ತುಂಬಿ ಬಾಳಿ, 2015ರಲ್ಲಿ ಕಣ್ಣುಮುಚ್ಚಿದರು.

ಬೇಳದ ಇಗರ್ಜಿ 1890ರದು. ಜಿಲ್ಲೆಯ ಹಳೆಯ ಕಥೋಲಿಕ ಇಗರ್ಜಿಗಳಲ್ಲಿ ಒಂದೆಂದು ಹೆಸರು ಪಡೆದಿದೆ. ಗಾಥಿಕ್ ಶೈಲಿಯ ಚೂಪು ಕಮಾನುಗಳು ಅಡಿಕೆ ತೆಂಗುಗಳ ನಡುವಿನಿಂದ ಮೇಲೆದ್ದು ಕಾಣುವಾಗ, ದೂರದೇಶದ ಕಲ್ಪನೆಯೊಂದು ನಮ್ಮ ಕೆಂಪು ಮಣ್ಣಿನಲ್ಲಿ ಬೇರುಬಿಟ್ಟಂತೆ ತೋರುತ್ತದೆ. ಈ ಇಗರ್ಜಿ ಶೋಕಮಾತೆಗೆ ಮುಡಿಪಾದದ್ದು. ಮಗನ ಮರಣವನ್ನು ಕಣ್ಣಾರೆ ಕಂಡ ತಾಯಿಯ ಹೆಸರು ಅದಕ್ಕಿದೆ. ಕ್ರೈಸ್ತ ಪಂಚಾಂಗದಲ್ಲಿ ಶೋಕಮಾತೆಯ ಸ್ಮರಣೆಯ ದಿನ ಸೆಪ್ಟೆಂಬರ್ 15. ಜನ್ಮದ ಹಬ್ಬಕ್ಕೂ ಶೋಕದ ಸ್ಮರಣೆಗೂ ನಡುವೆ ಒಂದೇ ವಾರ. ಕೈಕಾಲಾಡಿಸುವ ಕೂಸಿಗೆ ಹೂವೆರಚುವ ಮಕ್ಕಳು ನಿಂತಿರುವುದು ಎದೆಯಲ್ಲಿ ದುಃಖ ತುಂಬಿದ ತಾಯಿಯ ಮನೆಯಂಗಳದಲ್ಲಿ ಎಂಬುದು ನಮಗೆ ಅಲ್ಲಿ ನಿಂತಾಗಲೇ ಹೊಳೆಯಿತು.

ಗಡಿಯ ಮಾತನ್ನೂ ಇಲ್ಲಿ ಹೇಳಬೇಕು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1984ರ ಮೇ 24ರಂದು ಅದು ಬೇರೆ ಜಿಲ್ಲೆಯಾಯಿತು. ಆದರೆ ಬೇಳದ ಇಗರ್ಜಿ ಇಂದಿಗೂ ಮಂಗಳೂರು ಧರ್ಮಪ್ರಾಂತಕ್ಕೆ ಸೇರಿದ್ದು. ರಾಜ್ಯದ ಗಡಿ ಧರ್ಮಪ್ರಾಂತವನ್ನು ಸೀಳಲಿಲ್ಲ. ಇಗರ್ಜಿಯಲ್ಲಿ ಮುದುಕಿಯರ ಕೈಯಲ್ಲಿದ್ದ ಪ್ರಾರ್ಥನೆಯ ಪುಸ್ತಕಗಳನ್ನು ನಾವು ಕುತೂಹಲದಿಂದ ಇಣುಕಿ ನೋಡಿದೆವು: ನುಡಿ ಕೊಂಕಣಿ, ಅಕ್ಷರ ಕನ್ನಡ. 1912ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ 'ಕೊಂಕಣಿ ದಿರ್ವೆಂ' ಪತ್ರಿಕೆಯೂ 1938ರಲ್ಲಿ ತೊಡಗಿದ 'ರಾಕ್ಣೊ' ವಾರಪತ್ರಿಕೆಯೂ ಇದೇ ಅಕ್ಷರಗಳಲ್ಲಿ ಅಚ್ಚಾದವು. ಕಚೇರಿಯ ಕಾಗದ ಮಲಯಾಳದಲ್ಲಿ ಬಂದರೂ ದೇವರಿಗೆ ಹೇಳುವ ಮಾತನ್ನು ಈ ಜನ ಕನ್ನಡದ ಅಕ್ಷರಗಳಲ್ಲಿ ಓದುತ್ತಾರೆ. ಗಡಿನಾಡಿನಲ್ಲಿ ಕನ್ನಡವನ್ನು ಹಿಡಿದುಕೊಂಡವರ ಲೆಕ್ಕ ಮಾಡುವಾಗ ನಾವು ಇವರನ್ನು ಮರೆಯಲಾಗದು.

ಈ ಹಬ್ಬದ ಮೂಲದ ಬಗ್ಗೆ ಸಂಪ್ರದಾಯವು ಹೇಳುವ ಕಥೆ ಹೀಗಿದೆ. ಗೋವೆಯಿಂದ ಬೇರೆ ಬೇರೆ ಕಾಲಗಳಲ್ಲಿ ತೆಂಕಣಕ್ಕೆ ಬಂದ ಕ್ರೈಸ್ತರು ಕರಾವಳಿಯಲ್ಲಿ ಬೇಸಾಯಗಾರರಾಗಿ ನೆಲೆನಿಂತರು. ಗೋವೆಯಲ್ಲಿ ಆಗಸ್ಟ್ ತಿಂಗಳಲ್ಲಿಯೇ ತೆನೆಯ ಹಬ್ಬಗಳು ನಡೆಯುತ್ತವೆ. ರಾಯ್ ಎಂಬ ಊರಿನಲ್ಲಿ ಅದು ಆಗಸ್ಟ್ 5ರಂದು, ತಾಳೆಗಾಂವಿನಲ್ಲಿ 21ರಂದು. ಮಂಗಳೂರಿನ ಮೂಡಲಿಗೆ ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿದ್ದ ಮೊಂತೆ ಮರಿಯಾನೊ ಇಗರ್ಜಿಯಲ್ಲಿ, 1763ರಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂದರು ಹೊಸ ತೆನೆಯ ಆಶೀರ್ವಾದವನ್ನು ಮರಿಯಮ್ಮನವರ ಜನ್ಮದಿನಕ್ಕೆ ಕೂಡಿಸಿದರೆಂದು ಹೇಳುತ್ತಾರೆ. ಹಬ್ಬದ ಹೆಸರಿನ 'ಮೊಂತಿ' ಆ ಗುಡ್ಡದ ಇಗರ್ಜಿಯಿಂದಲೇ ಬಂತಂತೆ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹುಮಂದಿ ಅಳಿದರು. 1799ರ ಬಳಿಕ ಉಳಿದವರಲ್ಲಿ ಅನೇಕರು ಹಿಂದಿರುಗಿ ಮತ್ತೆ ನೇಗಿಲು ಹಿಡಿದರು. ಹಾಗೆ ಬಂದವರ ಮಕ್ಕಳು ಮೊಮ್ಮಕ್ಕಳು ಮುರಿದುಹೋದ ಹಬ್ಬವನ್ನು ಕೂಡಿಸಿಕೊಂಡು ಬಂದಿದ್ದಾರೆ. ಕಣಜ ತುಂಬಿದವರು ಮಾತ್ರ ಮಾಡುವ ಹಬ್ಬ ಇದಾಗಿದ್ದರೆ ಅದು ಎಂದೋ ನಿಂತುಹೋಗಬೇಕಿತ್ತು.

ಅಂದು ಬೆಳಿಗ್ಗೆ ಸಣ್ಣ ಮಳೆ ಬಂದು ನಿಂತಿತ್ತು. ಬಿಳಿ ಬಟ್ಟೆ ತೊಟ್ಟ ಮಕ್ಕಳು ಹೂವಿನ ಬುಟ್ಟಿಗಳೊಡನೆ ಸಾಲಾಗಿ ನಿಂತಿದ್ದರು. ಅಂಗಳದ ಒಂದು ಕಡೆಯಲ್ಲಿ ತೆನೆಯ ಕಟ್ಟುಗಳಿದ್ದವು. ಪಾದ್ರಿಗಳು ಅವನ್ನು ಮಂತ್ರಿಸಿ ಪವಿತ್ರಜಲ ಚಿಮುಕಿಸಿದರು. ಶಿಶುಮರಿಯಮ್ಮನವರ ಪ್ರತಿಮೆಯನ್ನೂ ತೆನೆಯನ್ನೂ ಹೊತ್ತ ಮೆರವಣಿಗೆ ಇಗರ್ಜಿಯ ಒಳಕ್ಕೆ ನಡೆಯಿತು. ಪೂಜೆ ಮುಗಿದ ಮೇಲೆ ಒಂದೊಂದು ಮನೆಗೆ ಒಂದಿಷ್ಟು ತೆನೆ, ಒಂಬತ್ತು ದಿನ ತಪ್ಪದೆ ಹೂ ತಂದ ಮಕ್ಕಳಿಗೆ ಕಬ್ಬು. ಕಬ್ಬಿನ ಜಲ್ಲೆ ತಮಗಿಂತ ಉದ್ದವಿದ್ದರೂ ಅದನ್ನು ಬೇರೆಯವರ ಕೈಗೆ ಕೊಡಲೊಲ್ಲದೆ ಎಳೆದುಕೊಂಡು ಹೋಗುವ ಪುಟ್ಟ ಮಕ್ಕಳನ್ನು ನೋಡಿ ನಾವು ನಕ್ಕೆವು.

ತೆನೆ ಹಂಚುವುದನ್ನು ನೋಡುವಾಗ ಒಂದು ಚಿಂತೆಯೂ ಸುಳಿಯದಿರಲಿಲ್ಲ. ನಮ್ಮ ಸೀಮೆಯಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಬೆಳೆ ತೆಗೆಯುತ್ತಿದ್ದ ಬೈಲುಗದ್ದೆಗಳಿದ್ದವು. ಈಗ ಅವುಗಳಲ್ಲಿ ಹೆಚ್ಚಿನವು ಅಡಿಕೆ ತೋಟಗಳಾಗಿವೆ. ಕೆಲವು ಮಣ್ಣು ತುಂಬಿಸಿಕೊಂಡು ಮನೆಯ ಅಡಿಗಳಾಗಿವೆ. 1970ರ ದಶಕದ ನಡುವಿನಲ್ಲಿ ಇಡೀ ಕೇರಳದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರ್ ಭತ್ತದ ಬೇಸಾಯವಿತ್ತು. ಈಚಿನ ವರ್ಷಗಳಲ್ಲಿ ಅದು ಸುಮಾರು 2 ಲಕ್ಷ ಹೆಕ್ಟೇರಿಗೆ ಇಳಿದಿದೆ. ಗದ್ದೆಗಳನ್ನು ಉಳಿಸಲು ಸರಕಾರವು 2008ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಕೂಲಿಗೆ ಆಳಿಲ್ಲ, ಅಡಿಕೆಯಷ್ಟು ಆದಾಯವಿಲ್ಲ, ಬೇಸಾಯ ಬಲ್ಲ ಮಕ್ಕಳು ಊರಿನಲ್ಲಿಲ್ಲ. ಗದ್ದೆ ಬಿಟ್ಟವರನ್ನು ದೂರುವುದು ಸುಲಭ, ಅವರ ಕಷ್ಟ ಅರಿಯುವುದು ಕಷ್ಟ. ಹಬ್ಬದ ದಿನ ಹತ್ತಿರ ಬಂದಾಗ, ತೆನೆ ಬಿಟ್ಟ ಗದ್ದೆ ಎಲ್ಲಿದೆಯೆಂದು ಹುಡುಕಿಕೊಂಡು ಹೋಗಬೇಕಾದ ಊರುಗಳು ಕರಾವಳಿಯಲ್ಲಿ ಈಗ ಹಲವಿವೆ.

ನಮ್ಮ ಸ್ನೇಹಿತರ ಮನೆ ಗುಡ್ಡದ ಬುಡದಲ್ಲಿದೆ. ಹಿತ್ತಿಲಲ್ಲಿ ಒಂದು ಸುರಂಗವುಂಟು. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು, ಒಳಗಿನ ಒರತೆಯನ್ನು ಸಣ್ಣ ಎಳೆಯಾಗಿ ಹೊರಕ್ಕೆ ಹರಿಸುವ ಈ ಸುರಂಗಗಳೇ ನಮ್ಮ ಬಹಳ ಮನೆಗಳಿಗೆ ನೀರುಣಿಸಿದವು. ನೀರಿನ ಎಳೆ ಬೆರಳಿನಷ್ಟೇ ದಪ್ಪವಾದರೂ ಹಗಲಿರುಳು ನಿಲ್ಲದೆ ತೊಟ್ಟಿ ತುಂಬುತ್ತದೆ. ಮನೆಯ ಕೆಳಗೆ ಅಡಿಕೆ ತೋಟ. ಅದರ ಅಂಚಿನಲ್ಲಿ ಹತ್ತು ಸೆಂಟ್ಸಿನಷ್ಟು ಪುಟ್ಟ ಗದ್ದೆ. ಉಳಿದುದೆಲ್ಲ ತೋಟವಾದಾಗಲೂ ಆ ಒಂದು ತುಂಡನ್ನು ನಮ್ಮ ಸ್ನೇಹಿತರು ಬಿಟ್ಟಿರಲಿಲ್ಲ. ತೆನೆ ಹಬ್ಬಕ್ಕೆ ತೆನೆ ಕೊಂಡು ತರಬಾರದೆಂಬುದು ಅವರ ಹಟ. ಅಲ್ಲಿ ಬೆಳೆದ ತೆನೆ ತಮ್ಮ ಇಗರ್ಜಿಗೂ ಹೋಗುತ್ತಿತ್ತು. ಮುಂದೆ ನವರಾತ್ರಿಯ ಹೊತ್ತಿಗೆ ತೆನೆ ಕಟ್ಟಿ ಮನೆ ತುಂಬಿಸಿಕೊಳ್ಳುವ ಪಕ್ಕದ ತುಳುವ ಮನೆಗೂ ಹೋಗುತ್ತಿತ್ತು. ತುಳುವರು ಹೊಸತಿನ ಊಟವನ್ನು ಪುದ್ವಾರ್ ಎನ್ನುತ್ತಾರೆ, ಮಲಯಾಳಿಗಳು ಪುತ್ತರಿ ಎನ್ನುತ್ತಾರೆ, ಕೊಡವರು ಹುತ್ತರಿ ಎನ್ನುತ್ತಾರೆ, ಇವರು ನವೆಂ ಎನ್ನುತ್ತಾರೆ. ಎಲ್ಲದರ ಅರ್ಥವೂ ಹೊಸತು ಎಂದೇ.

ಮನೆಯಲ್ಲಿ ಆ ತಾಯಿ, ಕಾಸರಗೋಡಿನಲ್ಲಿ ಉದ್ಯೋಗದಲ್ಲಿರುವ ಕಿರಿಯ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಇದ್ದರು. ಹಿರಿಯ ಮಗ ಕುವೈತಿನಲ್ಲಿ, ಮಗಳು ಮುಂಬಯಿಯಲ್ಲಿ. ದೇವರ ಪೀಠದ ಮುಂದೆ ಮೇಣದ ಬತ್ತಿ ಹಚ್ಚಿ ಎಲ್ಲರೂ ಮೊಣಕಾಲೂರಿದರು. ಕೊಂಕಣಿಯಲ್ಲಿ ನಡೆದ ಪ್ರಾರ್ಥನೆ ನಮಗೆ ಅರ್ಧ ತಿಳಿಯಿತು, ಅರ್ಧ ಊಹೆಗೆ ಬಂತು. ಆ ತಾಯಿ ಪುಸ್ತಕವನ್ನು ಮುಚ್ಚಿ ತಮ್ಮದೇ ಮಾತಿನಲ್ಲಿ ಒಂದೊಂದನ್ನಾಗಿ ಎಣಿಸಿ ದೇವರಿಗೆ ವಂದನೆ ಹೇಳತೊಡಗಿದರು. ಸುರಂಗದ ನೀರು ಬೇಸಗೆಯಲ್ಲಿಯೂ ಬತ್ತಲಿಲ್ಲ, ಅದಕ್ಕೆ. ಆಟಿಯ ಗಾಳಿಗೆ ಮಾಡಿನ ಹಂಚು ಹಾರಲಿಲ್ಲ, ಅದಕ್ಕೆ. ಮೊಮ್ಮಗಳ ಜ್ವರ ಮೂರು ದಿನದಲ್ಲಿ ಇಳಿಯಿತು, ಅದಕ್ಕೆ. ಯಜಮಾನರ ಎದೆನೋವಿನ ಇರುಳು ಪಕ್ಕದ ಮನೆಯವರು ಮಳೆಯಲ್ಲಿ ಓಡಿಬಂದರು, ಅದಕ್ಕೆ. ಅವರು ಬಹಳ ಹೊತ್ತು ನರಳಲಿಲ್ಲ, ಅದಕ್ಕೆ. ಈ ಕೊನೆಯ ಮಾತಿನಲ್ಲಿ ಅವರ ದನಿ ಒಂದಿಷ್ಟು ತಡೆಯಿತು. ಆದರೆ ಎಣಿಕೆ ನಿಲ್ಲಲಿಲ್ಲ.

ಬಳಿಕ ತೆನೆಯ ಕಾಳುಗಳನ್ನು ಬಿಡಿಸಿ ಸಿಪ್ಪೆ ತೆಗೆದರು. ಹಾಲು ಇನ್ನೂ ಗಟ್ಟಿಯಾಗಿರದ ಎಳೆಯ ಕಾಳುಗಳೂ ಅದರಲ್ಲಿದ್ದವು. ಕೆಲವನ್ನು ಪುಡಿಮಾಡಿ ಬೆಲ್ಲ ಹಾಕಿದ ತೆಂಗಿನ ಹಾಲಿಗೆ ಬೆರೆಸಿದರು. ಕೆಲವನ್ನು ಎರಡು ಲಕೋಟೆಗಳಲ್ಲಿ ಹಾಕಿ ಅಂಟಿಸಿದರು: ಒಂದು ಕುವೈತಿಗೆ, ಒಂದು ಮುಂಬಯಿಗೆ. ಪರವೂರಿನಲ್ಲಿರುವ ಮಕ್ಕಳಿಗೆ ಹೊಸ ತೆನೆಯ ಕಾಳನ್ನು ಅಂಚೆಯಲ್ಲಿ ಕಳುಹಿಸುವುದು ಈ ಜನರ ಹಳೆಯ ರೂಢಿ. ವಾಟ್ಸಾಪಿನಲ್ಲಿ ತೆನೆಯ ಚಿತ್ರ ಆಗಲೇ ಹೋಗಿತ್ತು. ಕುವೈತಿನಿಂದ ಮಗನ ಮುಖವೂ ಫೋನಿನಲ್ಲಿ ಮೂಡಿತ್ತು. ಆದರೂ ಚಿತ್ರವನ್ನು ಅನ್ನಕ್ಕೆ ಬೆರೆಸಲು ಬರುವುದಿಲ್ಲವಲ್ಲ ಎಂದು ಆ ತಾಯಿ ನಕ್ಕು ಲಕೋಟೆಗೆ ವಿಳಾಸ ಬರೆಸಿದರು.

ಹೊಸತನ್ನು ಮನೆಯ ಹಿರಿಯರಿಂದ ತೊಡಗಿ ಕಿರಿಯರವರೆಗೆ ವಯಸ್ಸಿನ ಕ್ರಮದಲ್ಲಿ ಕೊಡುವುದು ಪದ್ಧತಿ. ಇಷ್ಟು ವರ್ಷ ಮೊದಲ ಚಮಚ ನಮ್ಮ ಸ್ನೇಹಿತರದಾಗಿತ್ತು. ಈಗ ಮಗ ಬಟ್ಟಲನ್ನು ತಾಯಿಯ ಮುಂದೆ ಹಿಡಿದಾಗ ಅವರು ಒಂದು ಗಳಿಗೆ ಸುಮ್ಮನೆ ಕುಳಿತರು. ಯಾರೂ ಮಾತಾಡಲಿಲ್ಲ. ಆಮೇಲೆ ಕುಡಿದು, ಬಾಯೊರೆಸಿಕೊಂಡು, ಮಗನಿಗೆ ಕೊಟ್ಟರು. ನಮ್ಮ ಸರದಿಯೂ ಬಂತು. ನಾವು ಕ್ರೈಸ್ತರಲ್ಲವೆಂಬುದು ಅಲ್ಲಿ ಯಾರ ಲೆಕ್ಕಕ್ಕೂ ಬರಲಿಲ್ಲ. ವಯಸ್ಸಿನಲ್ಲಿ ನಾವು ಎಷ್ಟನೆಯವರೆಂಬುದೊಂದೇ ಅಲ್ಲಿನ ಪ್ರಶ್ನೆ.

ಊಟ ಬಾಳೆಯೆಲೆಯಲ್ಲಿ. ಮೀನುಮಾಂಸವಿಲ್ಲದೆ ಹಬ್ಬವಿಲ್ಲದ ಈ ಜನ ವರ್ಷದಲ್ಲಿ ಇದೊಂದು ಹಬ್ಬಕ್ಕೆ ಪೂರ್ತಿ ತರಕಾರಿಯ ಊಟ ಮಾಡುತ್ತಾರೆ. ಪಲ್ಯಗಳ ಸಂಖ್ಯೆ ಐದೋ ಏಳೋ ಒಂಬತ್ತೋ ಆಗಿ ಬೆಸವಾಗಿರಬೇಕು. ಅಂಬಡೆ ಹಾಕಿದ ಹರಿವೆಯ ದಂಟು, ಬೆಂಡೆ, ಹೀರೆ, ಹಾಗಲ, ತೊಂಡೆಕಾಯಿ, ಪತ್ರೊಡೆ, ಕಡಲೆಬೇಳೆಯ ಪಾಯಸ. ಇದರಲ್ಲಿ ಪೇಟೆಯಿಂದ ತಂದದ್ದು ಕಡಿಮೆ. ಮಳೆಗಾಲದ ಹಿತ್ತಿಲು ಕೊಟ್ಟದ್ದೇ ಹೆಚ್ಚು. ಕ್ರಿಸ್ತ ಪ್ರಭು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಬೇಡುವುದು ವರ್ಷದ ಕಣಜವನ್ನಲ್ಲ, ಆ ದಿನದ ಆಹಾರವನ್ನು ಎಂಬುದನ್ನು ನಮ್ಮ ಸ್ನೇಹಿತರು ಶಾಲೆಯ ಮಧ್ಯಾಹ್ನದ ಬುತ್ತಿ ಬಿಚ್ಚುವಾಗ ಹೇಳುತ್ತಿದ್ದದ್ದು ನಮಗೆ ನೆನಪಾಯಿತು.

ಊಟದ ಬಳಿಕ ಗದ್ದೆಯ ಮಾತು ಬಂತು. ಈ ವರ್ಷದ ಪೈರು ನಮ್ಮ ಸ್ನೇಹಿತರು ಬಿತ್ತಿದ್ದಲ್ಲ. ಅವರು ಹೋದಮೇಲೆ, ಮಳೆ ಹಿಡಿದಾಗ, ಪಕ್ಕದ ಮನೆಯ ತುಳುವರ ಮಗ ಟಿಲ್ಲರು ತಂದು ಉತ್ತು, ಹೇಳದೆ ಕೇಳದೆ ನೇಜಿ ನೆಟ್ಟಿದ್ದನಂತೆ. ತಮ್ಮ ಮನೆಗೂ ತೆನೆ ಬೇಕಲ್ಲ ಎಂಬುದಷ್ಟೇ ಅವನು ಕೊಟ್ಟ ಕಾರಣ. ಕುವೈತಿನ ಮಗನಿಗೆ ಆ ತುಂಡಿನಲ್ಲಿಯೂ ಅಡಿಕೆ ಹಾಕಿಸಿ ತಾಯಿಯ ಹೊರೆ ಕಡಿಮೆ ಮಾಡುವ ಮನಸ್ಸು. ಅವನ ಮಾತಿನಲ್ಲಿಯೂ ಪ್ರೀತಿಯೇ ಇದೆ. ಅವಳಿಗೆ ಮೊಣಕಾಲು ನೋವು, ಕೆಸರಿಗೆ ಇಳಿಯಲಾಗದು. ಮುಂದಿನ ವರ್ಷ ಏನೆಂದು ನಾವು ಕೇಳಿದೆವು. ಅವರು ನೇರವಾಗಿ ಉತ್ತರಿಸಲಿಲ್ಲ. "ಮೊದಲು ನಾವು ಬೆಳೆದುದಕ್ಕೆ ವಂದನೆ ಹೇಳುತ್ತಿದ್ದೆವು. ಈ ಸಲ ಬೇರೆಯವರು ಬೆಳೆದುಕೊಟ್ಟದ್ದಕ್ಕೆ ಹೇಳಿದೆವು. ಇದಕ್ಕೆ ಎರಡು ವಂದನೆ ಬೇಕು, ಒಂದು ದೇವರಿಗೆ, ಒಂದು ಅವನಿಗೆ" ಎಂದು ಹೇಳಿ, ಒಂದು ತಪಲೆ ಪಾಯಸವನ್ನು ಮುಚ್ಚಿ ಮೊಮ್ಮಗನ ಕೈಯಲ್ಲಿ ಬೇಲಿಯಾಚೆಗೆ ಕಳುಹಿಸಿದರು.

ಕೃತಜ್ಞತೆಯೆಂಬುದು ಸುಖದ ದಿನಗಳ ಗುಣವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಬೇಳದಲ್ಲಿ ಕಂಡದ್ದು ಬೇರೆ. ಅಲ್ಲಿ ವಂದನೆಯೆಂದರೆ ಒಂದು ಲೆಕ್ಕ: ಏನು ಉಳಿದಿದೆ, ಯಾರು ಇದ್ದಾರೆ, ಯಾರು ದೂರದಲ್ಲಿದ್ದಾರೆ, ಯಾರಿಂದ ಪಡೆದೆವು ಎಂಬುದನ್ನು ಕಾಳುಕಾಳಾಗಿ ಎಣಿಸುವ ಲೆಕ್ಕ. ಹಾಗೆ ಎಣಿಸುವಾಗ ಕಳೆದುಕೊಂಡದ್ದೂ ಕೈಗೆ ತಗಲುತ್ತದೆ. ಅದನ್ನು ಮರೆಸದೆ ಎಣಿಸುವುದರಲ್ಲಿಯೇ ಅದರ ಬೆಲೆಯಿದೆ. ಗಡಿಯ ಈಚೆಗೆ ಉಳಿದ ನಾವೂ ಕಳೆದುಕೊಂಡದ್ದನ್ನು ಬಹಳ ಸಲ ಎಣಿಸಿದ್ದೇವೆ. ನಮ್ಮ ಮನೆಗಳಲ್ಲಿ ಇನ್ನೂ ಉಳಿದಿರುವ ಓದು, ಮಕ್ಕಳ ಬಾಯಲ್ಲಿ ಇನ್ನೂ ಆಡುವ ಮಾತು, ಮಳೆಯಲ್ಲಿ ಓಡಿಬರುವ ನೆರೆಯವರು, ಇವುಗಳ ಎಣಿಕೆಯನ್ನೂ ವರ್ಷಕ್ಕೊಮ್ಮೆಯಾದರೂ ಎಲ್ಲರೂ ಕುಳಿತು ಮಾಡುವುದು ಒಳಿತಲ್ಲವೆ?

ತೆನೆಯಿಂದ ಉದುರಿದ ಕೊನೆಯ ಕೆಲವು ಕಾಳುಗಳನ್ನು ಆ ತಾಯಿ ತಿನ್ನಲೂ ಕೊಡಲಿಲ್ಲ, ಅಂಚೆಗೂ ಹಾಕಲಿಲ್ಲ. ಬಿಳಿ ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿ ಅಟ್ಟದ ಮೊಳೆಗೆ ತೂಗಹಾಕಿದರು. ಅದು ಏತಕ್ಕೆಂದು ಮೊಮ್ಮಗಳು ಕೇಳಿದಳು. ಬೀಜಕ್ಕೆ, ಎಂದರು.